ಮೆಚ್ಚುಗೆಯ ಕಾಗದ

ಉಂಡೆ ಮಾಡಿದ ಕಾಗದ ಒಳಗೆ ಸುಡುವುದಿಲ್ಲ. ಹೊರಗಿನ ಪದರ ಕಪ್ಪಾಗಿ ಉದುರಿದರೂ ನಡುವಿನ ಅಕ್ಷರಗಳು ಹಾಗೇ ಉಳಿದಿರುತ್ತವೆ. ಅದಕ್ಕೇ ಪಿರೊಷ್ಕಾ ಒಂದೊಂದೇ ಉಂಡೆಯನ್ನು ಮಂಡಿಯ ಮೇಲಿಟ್ಟು ಬಿಡಿಸಿ, ಅಂಗೈಯಿಂದ ಸವರಿ, ಒಲೆಯ ಬಾಯಿಗೆ ಹಾಕುತ್ತಿದ್ದಳು. ಮೇಲಿನ ಕಚೇರಿಯಿಂದ ಬಂದ ರದ್ದಿಯ ಬುಟ್ಟಿ ಅರ್ಧ ಖಾಲಿಯಾಗಿತ್ತು. ಕೈಗೆ ಬಂದ ಹಾಳೆಯಲ್ಲಿ ಮಾಲ್ವಿನ್ ನೇನಿಯ ಹೆಸರು ಕಂಡಿತು. ಅವಳ ಕೈ ಒಲೆಯ ಬಾಯಲ್ಲೇ ನಿಂತುಬಿಟ್ಟಿತು. ಬೆರಳಿಗೆ ಬಿಸಿ ತಗುಲಿದ ಮೇಲೆ ಹಿಂದಕ್ಕೆ ಎಳೆದುಕೊಂಡಳು.

ಸುತ್ತ ನೋಡಲಿಲ್ಲ. ಸುತ್ತ ನೋಡುವವರ ಮೇಲೇ ಜನರ ಕಣ್ಣು ಬೀಳುತ್ತದೆಂದು ಅವಳಿಗೆ ಗೊತ್ತಿತ್ತು. ಬೂದಿ ಕೆದಕುವವಳಂತೆ ಬಗ್ಗಿ ಓದಿದಳು.

'ಶ್ರೀಮತಿ ರಾದೋ ಮಾಲ್ವಿನ್ ಅವರು 1946ರ ಮಾರ್ಚ್ ತಿಂಗಳಿಂದ ಹಂಗೇರಿಯಲ್ಲಿನ ಈ ರಾಯಭಾರ ನಿಯೋಗದಲ್ಲಿ ಅನುವಾದಕಿಯಾಗಿದ್ದು, ಅತ್ಯಂತ ನಿಷ್ಠೆಯಿಂದ ದುಡಿದಿರುತ್ತಾರೆ. ಗೋಪ್ಯವಾದ ಕಾಗದಪತ್ರಗಳನ್ನೂ ನಾವು ಹಿಂಜರಿಯದೆ ಅವರ ಕೈಗೆ ಒಪ್ಪಿಸಿದ್ದೇವೆ. ಸಿಬ್ಬಂದಿ ಕಡಿತದ ಕಾರಣದಿಂದ ಮಾತ್ರ ಅವರನ್ನು ಬಿಡುಗಡೆ ಮಾಡಲಾಗುತ್ತಿದೆ. ನಮ್ಮ ದೇಶಕ್ಕೆ ಅವರು ಸಲ್ಲಿಸಿದ ಸೇವೆ...'

'ದೇಶಕ್ಕೆ' ಎಂಬಲ್ಲಿ ಟೈಪು ಒಂದಕ್ಷರ ತಪ್ಪಿತ್ತು. ಅಷ್ಟಕ್ಕೇ ಹಾಳೆ ಬುಟ್ಟಿಗೆ ಬಿದ್ದಿತ್ತು. ತಪ್ಪಿಲ್ಲದ ಇನ್ನೊಂದು ಹಾಳೆ ಮೇಲಿನ ಮಹಡಿಯಲ್ಲಿ ಎಲ್ಲೋ ಸಹಿ ಬಿದ್ದು ಸಿದ್ಧವಾಗಿರಬೇಕು.

ಅವಳು ಹಾಳೆಯನ್ನು ಒಲೆಗೆ ಹಾಕಿದಳು. ಅದು ಚೆನ್ನಾಗಿಯೇ ಉರಿಯಿತು.

ಡ್ರೈವರ್ ಇಮ್ರೆಗೂ ಇಂಥದೇ ಕಾಗದ ಕೊಟ್ಟಿದ್ದರು. ಏಪ್ರಿಲ್‌ನಲ್ಲಿ ಎರಡು ಕಾರುಗಳಲ್ಲಿ ಒಂದನ್ನು ಮಾರಿದಾಗ ಅವನನ್ನು ಬಿಟ್ಟರು. ವಿದೇಶಿ ಮುದ್ರೆಯ ಹೊಗಳಿಕೆಯೆಂದು ಹಿಗ್ಗಿ, ಅವನು ಅದಕ್ಕೆ ಕಟ್ಟು ಹಾಕಿಸಿ ಮಾತೆ ಮೇರಿಯ ಚಿತ್ರದ ಪಕ್ಕ ತೂಗುಹಾಕಿದ್ದ. ಅದರ ನಕಲು ಎಂದಿನಂತೆ ನಿಯೋಗದಿಂದ ನೇರವಾಗಿ, ವಿದೇಶಿಯರ ಬಳಿ ದುಡಿದವರ ಮೇಲೆ ಕಣ್ಣಿಡುವ ಸರ್ಕಾರದ ಕಚೇರಿಗೆ ಹೋಗಿತ್ತು. ಎಂಟನೆಯ ದಿನ ಬೆಳಿಗ್ಗೆ ಇಬ್ಬರು ಬಂದು ಇಮ್ರೆಯನ್ನು ಕರೆದುಕೊಂಡು ಹೋದರು. ಒಂಬತ್ತನೆಯ ದಿನ ಅವನ ಹೆಂಡತಿ ಕಟ್ಟು ಹಾಕಿಸಿದ ಆ ಕಾಗದವನ್ನು ಎದೆಗವಚಿಕೊಂಡು ನಿಯೋಗದ ಬಾಗಿಲಿಗೆ ಬಂದಳು. "ಇದನ್ನ ವಾಪಸ್ ತಗೊಳ್ಳಿ, ಸ್ವಾಮಿ. ಬರೆದಿದ್ದೆಲ್ಲ ಸುಳ್ಳು ಅಂತ ಹೇಳಿ," ಎಂದು ಬೇಡಿಕೊಂಡಳು. ಎಲ್ಲರೂ ಮಾಮ ಎಂಬಂತೆ 'ಬಾಚಿ' ಎಂದು ಕರೆಯುವ ದ್ವಾರಪಾಲಕ ಗಾಶ್ಪಾರ್ ಅವಳನ್ನು ಒಳಗೆ ಬಿಡಲಿಲ್ಲ. ಪಿರೊಷ್ಕಾ ಕಲ್ಲಿದ್ದಲ ಬಕೆಟ್ಟು ಹಿಡಿದು ಮೆಟ್ಟಿಲ ಮೇಲೆ ನಿಂತು ಅದನ್ನೆಲ್ಲ ಕಂಡಿದ್ದಳು. ಇದು ನವೆಂಬರ್. ಇಮ್ರೆ ಇನ್ನೂ ಬಂದಿಲ್ಲ.

ಈ ಸಲದ ನಕಲುಗಳ ಚೀಲ ನಾಳೆ ಬೆಳಿಗ್ಗೆ ಒಂಬತ್ತೂವರೆಗೆ ಅಲ್ಲಿಗೇ ಹೊರಡುತ್ತದೆ.

ಮೂರು ವರ್ಷದ ಹಿಂದೆ ಈ ಕೆಲಸಕ್ಕೆ ಬಂದಾಗ ಪಿರೊಷ್ಕಾಗೆ ಹದಿನಾರು. ಆಗಿದ್ದ ಅಧಿಕಾರಿ ಮಾಲ್ವಿನ್ ನೇನಿಯ ಮೂಲಕ ಕೇಳಿಸಿದ್ದರು: ಎಷ್ಟು ಓದಿದ್ದಾಳೆ? ಆರನೆಯ ತರಗತಿ, ಆಮೇಲೆ ಯುದ್ಧ ಬಂತು, ಶಾಲೆ ಕುದುರೆ ಲಾಯವಾಯಿತು. ಫ್ರೆಂಚ್ ಬರುತ್ತದೆಯೆ? ಇಲ್ಲ. ಜರ್ಮನ್? ಇಲ್ಲ. ಅಧಿಕಾರಿ ಸಂತೋಷದಿಂದ ತಲೆಯಾಡಿಸಿದ್ದರು. ತಾನು ಓದದೆ ಇದ್ದುದಕ್ಕೆ ಒಬ್ಬರು ಸಂತೋಷಪಟ್ಟದ್ದನ್ನು ಅವಳು ಅದೇ ಮೊದಲು ಕಂಡದ್ದು. ಒಲೆಯ ಕೆಲಸಕ್ಕೆ ಫ್ರೆಂಚ್ ಬಾರದವರನ್ನೇ ತೆಗೆದುಕೊಳ್ಳಬೇಕು ಎಂಬುದು ಆ ನಿಯೋಗದ ನಿಯಮ. ಕಾಗದ ಸುಡುವವಳಿಗೆ ಕಾಗದ ಓದಲು ಬರಬಾರದು.

ಆ ನಿಯಮ ಮುರಿದವರು ಮಾಲ್ವಿನ್ ನೇನಿಯೇ. ಮನೆಯ ಅತ್ತೆಯನ್ನು ಕರೆದಂತೆ ಎಲ್ಲರೂ ಅವರನ್ನು ನೇನಿ ಎನ್ನುತ್ತಿದ್ದರು. ಯುದ್ಧಕ್ಕೆ ಮುಂಚೆ ಹೆಣ್ಣುಮಕ್ಕಳ ಶಾಲೆಯಲ್ಲಿ ಇಪ್ಪತ್ತು ವರ್ಷ ಪಾಠ ಮಾಡಿದವರು. ಗಂಡ ಪೂರ್ವದ ರಣರಂಗದಿಂದ ಬರಲಿಲ್ಲ. ದಿನಾ ಹತ್ತು ಗಂಟೆಗೆ ಒಂದು ಬ್ರೆಡ್ಡಿನ ಹೋಳು ಹಿಡಿದು ಕೆಳಗಿಳಿದು ಬರುವರು. ಕಡ್ಡಿಗೆ ಚುಚ್ಚಿ ಒಲೆಯ ಬಾಯಲ್ಲಿ ಸುಟ್ಟು, ಮೇಲೆ ಬೆಳ್ಳುಳ್ಳಿ ಉಜ್ಜಿ, ಅರ್ಧ ಮುರಿದು ಪಿರೊಷ್ಕಾಗೆ ಕೊಡುವರು.

"ಯಾರಿಗಾದ್ರೂ ಏನಾದ್ರೂ ಹೇಳಿಕೊಡದೆ ಇದ್ರೆ ನಾಲಿಗೆ ತುರಿಸುತ್ತೆ ಕಣೆ. ಇದಕ್ಕೆ ಫ್ರೆಂಚ್‌ನಲ್ಲಿ ಏನಂತಾರೆ, ಹೇಳು."

ಹಾಗೆ ಎರಡು ಚಳಿಗಾಲ ಕಳೆದಿತ್ತು. ಬೂದಿಯ ಮೇಲೆ ಕಡ್ಡಿಯಿಂದ ಬರೆದು, ಕಾಲಿನಿಂದ ಅಳಿಸಿ ಕಲಿತದ್ದು. ಮಾಲ್ವಿನ್ ನೇನಿ ಒಂದು ದಿನ ಇದ್ದಕ್ಕಿದ್ದಂತೆ ಪಾಠ ನಿಲ್ಲಿಸಿ ಹೇಳಿದ್ದರು: "ಕಲಿತ ಅಕ್ಷರಾನ ಕಣ್ಣು ಬಿಡಲ್ಲ. ನೀನು ಬೇಡ ಅಂದ್ರೂ ಅದು ಓದುತ್ತೆ. ಭಾಷೆ ಬಾರದೋರು ಕಾಗದದಲ್ಲಿ ಮೊದಲು ತಮ್ಮ ಹೆಸರು ಹುಡುಕ್ತಾರೆ, ಆಮೇಲೆ ಮುದ್ರೆ ನೋಡ್ತಾರೆ. ಯಾರಾದ್ರೂ ನಿನ್ನ ಮುಂದೆ ಕಾಗದ ಹಿಡಿದ್ರೆ ಹೆಸರು, ಮುದ್ರೆ. ಅಷ್ಟೇ. ತಿಳೀತಾ?"

"ತಿಳೀತು, ನೇನಿ."

ಅವರಿಗೇ ಹೋಗಿ ಹೇಳಿಬಿಡಲೇ ಎಂದು ಪಿರೊಷ್ಕಾ ಬುಟ್ಟಿಯ ಮುಂದೆ ಕುಳಿತು ಯೋಚಿಸಿದಳು. ಹೇಳಿದರೆ ಅವರು ಏನು ಮಾಡಿಯಾರು? ಮೇಲೆ ಹೋಗಿ, ನನ್ನನ್ನು ಹೊಗಳಬೇಡಿ ಎಂದು ಕೇಳುವ ಹೆಂಗಸಲ್ಲ ಅವರು. ಕೇಳಿದರೂ, ಅವರಿಗೆ ಈ ಸುದ್ದಿ ತಿಳಿದದ್ದು ಹೇಗೆಂದು ಅಲ್ಲಿಯವರು ಕೇಳುತ್ತಾರೆ.

"ಏನೇ, ಇವತ್ತು ಒಲೆಗೆ ಪೂಜೆ ಮಾಡ್ತಿದ್ದೀಯಾ?" ಗಾಶ್ಪಾರ್ ಬಾಚಿ ಬಾಗಿಲಲ್ಲಿ ನಿಂತಿದ್ದ. ದಪ್ಪ ಮೀಸೆ, ಸದಾ ತೇವವಾಗಿರುವ ಕಣ್ಣು. "ಕೇಳಿದ್ಯಾ? ಒಂಬತ್ತು ಜನ ಐದಾಗ್ತಾರಂತೆ. ಅವರ ರಾಜಧಾನಿಯಿಂದ ತಂತಿ ಬಂದಿದೆ. ಬೆಕ್ಕನ್ನೂ ಲೆಕ್ಕಕ್ಕೆ ಹಿಡಿದಿದ್ದಾರೋ ಏನೋ."

ಪಿರೊಷ್ಕಾ ಮುಗುಳ್ನಕ್ಕಳು. ಗಾಶ್ಪಾರ್ ಬಾಚಿ ಕೇಳಿದ್ದನ್ನು ಯಾರಿಗೆ ಹೇಳುತ್ತಾನೆಂದು ಯಾರಿಗೂ ಗೊತ್ತಿರಲಿಲ್ಲ. ಯಾರಿಗೂ ಹೇಳದೆಯೂ ಇರಬಹುದು. ಅದೂ ಗೊತ್ತಿರಲಿಲ್ಲ.

"ನಿನಗೇನೂ ಭಯ ಇಲ್ಲ ಬಿಡು," ಎಂದ ಅವನು. "ಬಾಯಿಲ್ಲದೋರು, ಓದು ಬಾರದೋರು ಎಲ್ಲಾ ಕಾಲದಲ್ಲೂ ಬದುಕ್ತಾರೆ."

ಮರುದಿನ ಬೆಳಿಗ್ಗೆ ಎಂಟಕ್ಕೆ ಅವಳು ಕಾರ್ಯದರ್ಶಿ ಲಾಂಬೇರ್ ಅವರ ಕೋಣೆ ಬೆಚ್ಚಗಿಡುವ ಒಲೆ ಹಚ್ಚಲು ಹೋದಳು. ಜುಲೈಯಲ್ಲಿ ಬಂದಿದ್ದ ಹೊಸ ಕಾರ್ಯದರ್ಶಿ ಅವರು. ಎತ್ತರದ, ಕೊಂಚ ಬಾಗಿದ ಆಳು. ಅವಳನ್ನು ಕಂಡಾಗಲೆಲ್ಲ ಎದ್ದು ನಿಂತು, ಹಂಗೇರಿಯನ್ನಿನಲ್ಲಿ ಕಲಿತಿದ್ದ ಮೂರೇ ಮಾತು ಹೇಳುತ್ತಿದ್ದರು: "ಬೆಂಕಿ. ಒಳ್ಳೆಯದು. ವಂದನೆ." ಒಲೆ ಹಚ್ಚುವವಳು ಬಂದರೆ ಎದ್ದು ನಿಲ್ಲುವವರನ್ನು ಅವಳು ಬೇರೆಲ್ಲೂ ಕಂಡಿರಲಿಲ್ಲ. ಇದ್ದ ಧೈರ್ಯವೆಲ್ಲ ಅದೊಂದೇ.

ಚೆಕ್ಕೆ ಜೋಡಿಸಿದಳು. ಕಡ್ಡಿ ಗೀರಿದಳು, ಆರಿತು. ಇನ್ನೊಂದು ಗೀರಿದಳು. ಗಡಿಯಾರ ಎಂಟೂ ಹತ್ತು ತೋರಿಸುತ್ತಿತ್ತು. ಮೂರನೆಯ ಕಡ್ಡಿ ಕೈಯಲ್ಲಿ ಉರಿಯುತ್ತಿರುವಾಗಲೇ, ಒಲೆಯ ಕಡೆಗೇ ಮುಖ ಮಾಡಿಕೊಂಡು ಹೇಳಿದಳು:

"ಸ್ವಾಮಿ, ಮಾಲ್ವಿನ್ ನೇನಿಯ ಪತ್ರ ಕೆಟ್ಟದಾಗಿ ಬರೀರಿ."

ಹಿಂದೆ ಕಾಫಿ ಬಟ್ಟಲು ತಟ್ಟೆಗೆ ತಾಗಿದ ಸದ್ದಾಯಿತು. ತಾನು ಅವರ ಭಾಷೆಯಲ್ಲೇ ಮಾತಾಡಿದೆನೆಂದು ಅವಳಿಗೆ ಆಗ ತಿಳಿಯಿತು. ಹಂಗೇರಿಯನ್ನಿನಲ್ಲಿ ಹೇಳಿದ್ದರೆ ಅವರಿಗೆ ಅರ್ಥವಾಗುತ್ತಿರಲಿಲ್ಲ, ನಿಜ. ಆದರೂ ಆಡಬಾರದ ಭಾಷೆ ಆಡಿಯಾಗಿತ್ತು.

ಲಾಂಬೇರ್ ಹೋಗಿ ಬಾಗಿಲು ಹಾಕಿ ಬಂದರು.

"ಎಷ್ಟು ದಿನದಿಂದ?"

"ಎರಡು ಚಳಿಗಾಲ, ಸ್ವಾಮಿ."

"ಯಾರು ಕಲಿಸಿದ್ದು?"

ಅವಳು ಆರಿದ ಕಡ್ಡಿಯನ್ನು ಬೂದಿಗೆ ಹಾಕಿದಳು.

"ಆಕೆಯೇ," ಎಂದರು ಅವರು. "ಮತ್ತೆ ಆಕೆಯ ಮೇಲೆ ನಿಮಗೆ ಯಾಕೆ ಇಷ್ಟು ಸಿಟ್ಟು?"

"ಸಿಟ್ಟಿಲ್ಲ. ಡ್ರೈವರ್ ಇಮ್ರೆ ಎಲ್ಲಿದ್ದಾನೆ ಗೊತ್ತಾ ನಿಮಗೆ?"

"ಅವನ ಹಳ್ಳಿಗೆ ಹೋದ ಅಂತ ಕಡತದಲ್ಲಿದೆ."

"ಹಳ್ಳಿಗಲ್ಲ."

ಅವಳಿಗೆ ಬಂದಷ್ಟು ಮಾತಿನಲ್ಲಿ ಹೇಳಿದಳು. ಇಬ್ಬರು ಬಂದದ್ದು, ಕಟ್ಟು ಹಾಕಿಸಿದ ಕಾಗದ, ಬಾಗಿಲಲ್ಲಿ ನಿಂತ ಹೆಂಡತಿ. ಕೆಲವು ಮಾತು ಗೊತ್ತಿರಲಿಲ್ಲ. 'ಕಟ್ಟು' ಎನ್ನುವುದಕ್ಕೆ ಗಾಳಿಯಲ್ಲಿ ಬೆರಳಿನಿಂದ ಚೌಕ ಬರೆದು ತೋರಿಸಿದಳು. ಲಾಂಬೇರ್ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತಿದ್ದರು.

"ಆದರೆ ಅದು ಒಳ್ಳೆಯ ಪತ್ರವಾಗಿತ್ತು," ಎಂದರು. "ಅದನ್ನೇ ಮಾದರಿಯಾಗಿ ಇಟ್ಟುಕೊಂಡು ಈ ನಾಲ್ಕೂ ಬರೆದೆ."

"ನಿಮ್ಮೂರಲ್ಲಿ ಒಳ್ಳೇದು ಸ್ವಾಮಿ. ಇಲ್ಲಿ 'ಗೋಪ್ಯ' ಅಂತ ಒಂದು ಮಾತಿದ್ರೆ ಸಾಕು. ಯಾವ ಗೋಪ್ಯ ಅಂತ ಕೇಳ್ತಾರೆ. ಗೊತ್ತಿಲ್ಲ ಅಂದ್ರೆ ಮತ್ತೆ ಕೇಳ್ತಾರೆ."

ಕಿಟಕಿಯಾಚೆ ಮಂಜು. ನದಿಯಲ್ಲಿ ಮುರಿದು ಬಿದ್ದಿದ್ದ ಸೇತುವೆಯ ಒಂದು ಕಂಬ ಮಾತ್ರ ಕಾಣುತ್ತಿತ್ತು. ಲಾಂಬೇರ್ ಅದರ ಕಡೆ ತಿರುಗಿದರು.

"ಉಳಿದ ಮೂವರದರಲ್ಲಿ ಆ ಮಾತು ತೆಗೆಯಬಹುದು. ಅವರು ಅಡುಗೆ, ತೋಟದ ಕೆಲಸದವರು. ಈಕೆ ಅನುವಾದಕಿ, ತೆಗೆದರೂ ಯಾರೂ ನಂಬುವುದಿಲ್ಲ," ಎಂದರು. "ಒಬ್ಬ ಒಳ್ಳೆಯ ಹೆಂಗಸಿನ ಮೇಲೆ ಸುಳ್ಳು ಬರೆದು ಅದಕ್ಕೆ ಮುದ್ರೆ ಹಾಕು ಅಂತೀರಲ್ಲ."

"ಎಲ್ಲಾ ಸುಳ್ಳೇ ಆಗಬೇಕಿಲ್ಲ. ಒಲೆಯಲ್ಲಿ ಬ್ರೆಡ್ಡು ಸುಟ್ಕೊಂಡು ತಿಂತಾರೆ. ಬೆಳ್ಳುಳ್ಳಿ ವಾಸನೆ ಮೂರನೇ ಮಹಡಿಗೂ ಬರುತ್ತೆ. ಅಲ್ಲಿಂದ ಶುರು ಮಾಡಿ."

ಲಾಂಬೇರ್ ತಟ್ಟನೆ ತಿರುಗಿದರು. "ಅದು ಆಕೆಯೇ? ನಾನು ಗಾಶ್ಪಾರ್ ಅಂದುಕೊಂಡಿದ್ದೆ." ಅವರ ಬಾಯಿಯ ಒಂದು ಮೂಲೆ ನಗುವಿಗೆ ಏರಿ, ಅಲ್ಲೇ ನಿಂತಿತು. ಆಮೇಲೆ ಹೋಗಿ ಗಂಟೆ ಒತ್ತಿದರು. ಸಹಿಯಾದ ಪತ್ರಗಳ ನಕಲುಗಳು ಆಗಲೇ ಚೀಲ ಸೇರಿ, ಚೀಲ ಗಾಶ್ಪಾರ್ ಬಾಚಿಯ ಬಳಿ ಹೋಗಿತ್ತು.

ಅವನು ಮೆಟ್ಟಿಲು ಹತ್ತಿ ಬರುವ ಸದ್ದಿಗೆ ಪಿರೊಷ್ಕಾ ಒಲೆಯ ಮುಂದೆ ಮಂಡಿಯೂರಿದಳು. ಒಂದು ಚೆಕ್ಕೆಯನ್ನು ತೆಗೆದು ಅಲ್ಲೇ ಇಟ್ಟಳು. ಮತ್ತೆ ತೆಗೆದು ಇಟ್ಟಳು.

"ಟೈಪ್. ತಪ್ಪು," ಎಂದರು ಲಾಂಬೇರ್, ಅವರ ಮುರುಕು ಹಂಗೇರಿಯನ್ನಿನಲ್ಲಿ, ಚೀಲಕ್ಕೆ ಕೈ ಚಾಚಿ.

"ಇವರು ಮೂರು ಸಲ ಟೈಪ್ ಮಾಡದೆ ಸೂಪೂ ಕುಡಿಯಲ್ಲ," ಎಂದು ಗಾಶ್ಪಾರ್ ಬಾಚಿ ಪಿರೊಷ್ಕಾಗೆ ಹೇಳಿದ, ಅವರಿಗೆ ತಿಳಿಯುವುದಿಲ್ಲವೆಂದು ನಗುತ್ತ. ಚೀಲ ಮೇಜಿನ ಮೇಲಿಟ್ಟ. ಹೋಗಲಿಲ್ಲ. "ಒಲೆ ಇನ್ನೂ ಹತ್ತಲಿಲ್ಲವೇನೇ? ಬಂದು ಅರ್ಧ ಗಂಟೆ ಆಯ್ತಲ್ಲ."

"ಕಟ್ಟಿಗೆ ಹಸಿ ಇದೆ, ಬಾಚಿ."

"ನಿನ್ನೆ ನಾನೇ ತಂದಿದ್ದು. ಒಣಗಿತ್ತು."

ಅವಳು ಇನ್ನೊಂದು ಕಡ್ಡಿ ಗೀರಿದಳು. ಅವನ ತೇವದ ಕಣ್ಣು ಅವಳ ಕುತ್ತಿಗೆಯ ಮೇಲಿತ್ತು, ಆಮೇಲೆ ಅಲ್ಲಿಂದ ಹಾಕಿದ್ದ ಬಾಗಿಲ ಕಡೆ, ಆಮೇಲೆ ಕಾರ್ಯದರ್ಶಿಯ ಕಡೆ ಹೋಯಿತು. "ಹೂಂ," ಎಂದ. ಕಣ್ಣು ಮಿಟುಕಿಸಿದ. ಅವನು ಏನು ಊಹಿಸಿಕೊಂಡನೆಂದು ತಿಳಿದು ಅವಳ ಕಿವಿ ಬಿಸಿಯಾಯಿತು. ಅದರ ಬೆನ್ನಿಗೇ, ಸದ್ಯ, ಅಷ್ಟೇ ಅಂದುಕೊಂಡನಲ್ಲ ಎಂದು ಉಸಿರು ಬಿಟ್ಟಳು.

ಅವನು ಇಳಿದು ಹೋದ ಮೇಲೆ ಲಾಂಬೇರ್ ತಾವೇ ಯಂತ್ರದ ಮುಂದೆ ಕುಳಿತರು. ಎರಡೇ ಬೆರಳಲ್ಲಿ ಹೊಡೆಯುತ್ತಿದ್ದರು. ಅವಳು ಒಲೆಯ ಬಳಿಯಿಂದಲೇ ಹೇಳಿದಳು. ತಡವಾಗಿ ಬರುತ್ತಾರೆ. ಮಧ್ಯಾಹ್ನ ತೂಕಡಿಸುತ್ತಾರೆ. ಊಟದ ಪಟ್ಟಿ, ಆಹ್ವಾನ ಪತ್ರ, ಗ್ಯಾಸಿನ ರಸೀದಿ ಬಿಟ್ಟರೆ ಬೇರೇನನ್ನೂ ಅವರ ಕೈಗೆ ಕೊಡುವಂತಿರಲಿಲ್ಲ. ಕೊಟ್ಟದ್ದರಲ್ಲೂ ತಪ್ಪು. ಒಂದೊಂದು ಮಾತಿಗೂ ಅವಳಿಗೆ ಗುರುವಿನ ಕೆನ್ನೆಗೆ ಹೊಡೆದಂತಾಗುತ್ತಿತ್ತು. ಲಾಂಬೇರ್ ಒಂದೆರಡು ಕಡೆ ಬೆರಳು ನಿಲ್ಲಿಸಿ, ನಿಟ್ಟುಸಿರು ಬಿಟ್ಟು, ಮುಂದುವರಿದರು. ಉಳಿದ ಮೂರರಲ್ಲೂ ನಾಲ್ಕು ಸಾಲು ಕಡಿಮೆ ಮಾಡಿದರು.

ಎಲ್ಲ ಮುಗಿದಾಗ ಒಂಬತ್ತೂ ಹತ್ತು. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಉಳಿಯುವ ಐವರಲ್ಲಿ ನಿಮ್ಮ ಹೆಸರಿತ್ತು," ಎಂದರು.

"ಹೌದಾ."

"ನಿಯಮ ಗೊತ್ತಲ್ಲ. ಈಗ ನನಗೆ ತಿಳಿದ ಮೇಲೆ..."

"ಗೊತ್ತು, ಸ್ವಾಮಿ." ಅವಳು ಬಕೆಟ್ಟಿನ ಹಿಡಿಯನ್ನೇ ನೋಡುತ್ತಿದ್ದಳು. "ನಂದೂ ಕೆಟ್ಟದಾಗೇ ಬರೀರಿ."

"ಪ್ರಯತ್ನಿಸುತ್ತೇನೆ," ಎಂದರು. ಅವರ ಮುಖದಲ್ಲಿ ಎಂಥದೋ ಮೆಚ್ಚುಗೆ ಇತ್ತು. ಬೆಳಿಗ್ಗೆಯಿಂದ ಕಂಡದ್ದರಲ್ಲೆಲ್ಲ ಅದನ್ನು ಕಂಡೇ ಅವಳಿಗೆ ಹೆಚ್ಚು ಹೆದರಿಕೆಯಾಯಿತು.

ಹನ್ನೆರಡು ಗಂಟೆಗೆ ಎಲ್ಲರನ್ನೂ ಕೆಳಗಿನ ಹಜಾರಕ್ಕೆ ಕರೆದರು. ಬಿಡುಗಡೆಯಾದವರಿಗೆ ಎರಡು ತಿಂಗಳ ಸಂಬಳ, ಒಂದು ಡಬ್ಬಿ ಕಾಫಿ, ಒಂದು ಲಕೋಟೆ. ಕಾಫಿ ಕಂಡು ಅಡುಗೆಯವಳು ಅತ್ತಳು. ಪಿರೊಷ್ಕಾಗೆ ಡಬ್ಬಿ ಸಿಕ್ಕಿತು, ಲಕೋಟೆ ಸಿಗಲಿಲ್ಲ. "ನಿಮ್ಮದನ್ನು ನೇರ ಅಲ್ಲಿಗೇ ಕಳಿಸಿದೆ," ಎಂದು ಲಾಂಬೇರ್ ಡಬ್ಬಿ ಕೊಡುವಾಗ ತುಟಿಯಲ್ಲೇ ಹೇಳಿದರು. "ನೀವು ಓದದೆ ಇರುವುದೇ ವಾಸಿ." ಅವಳು ಅರ್ಥವಾಗದವಳಂತೆ ಬಗ್ಗಿ ವಂದಿಸಿದಳು.

ಮಾಲ್ವಿನ್ ನೇನಿ ಕಿಟಕಿಯ ಬೆಳಕಿಗೆ ಹೋಗಿ ಲಕೋಟೆ ತೆರೆದರು. ಮೊದಲ ಸಾಲಿಗೆ ಅವರ ಬೆನ್ನು ನೆಟ್ಟಗಾಯಿತು. ಕೆನ್ನೆ ಕೆಂಪಾಯಿತು. ಪಿರೊಷ್ಕಾ ಗೋಡೆಗೆ ಒರಗಿ ನಿಂತು ಆ ಕಣ್ಣುಗಳು ಸಾಲಿನಿಂದ ಸಾಲಿಗೆ ಇಳಿಯುವುದನ್ನು ನೋಡುತ್ತಿದ್ದಳು. ಬೆಳ್ಳುಳ್ಳಿಯ ಮಾತಿರಬೇಕಾದ ಕಡೆ ಅವು ನಿಂತವು. ಅಲ್ಲೇ ನಿಂತವು. ಆಮೇಲೆ ನಿಧಾನವಾಗಿ ಎದ್ದು ಹಜಾರದ ಆ ಮೂಲೆಗೆ ಬಂದು, ಅವಳನ್ನು ಮುಟ್ಟಿ, ಸರಿದುಹೋದವು.

"ಏನಂತೆ ಅಮ್ಮಾವ್ರೇ, ಬಹಳ ಹೊಗಳಿದ್ದಾರಾ?" ಎಂದ ಗಾಶ್ಪಾರ್ ಬಾಚಿ.

"ಹೊಗಳಿಕೆ!" ಮಾಲ್ವಿನ್ ನೇನಿಯ ದನಿ ಇಡೀ ಹಜಾರಕ್ಕೆ ಕೇಳಿಸಿತು. "ಸೋಮಾರಿಯಂತೆ ನಾನು! ತೂಕಡಿಸ್ತೀನಂತೆ! ಗ್ಯಾಸಿನ ರಸೀದಿ ಬಿಟ್ರೆ ಬೇರೆ ಕಾಗದ ಕೊಡೋಕೆ ಲಾಯಕ್ಕಿಲ್ಲವಂತೆ! ನಾಲ್ಕು ವರ್ಷ ದುಡಿದಿದ್ದಕ್ಕೆ ಒಳ್ಳೇ ಮರ್ಯಾದೆ ಮಾಡಿದ್ರು, ತಿಳ್ಕೊಳ್ಳಿ ಎಲ್ಲರೂ!" ಕಾರ್ಯದರ್ಶಿಯ ಮುಖಕ್ಕೇ ಬೆರಳು ಮಾಡಿ ಹೇಳಿದರು. ಲಾಂಬೇರ್ ತಲೆ ತಗ್ಗಿಸಿದರು. ಗಾಶ್ಪಾರ್ ಬಾಚಿಯ ಮೀಸೆ ಅರಳಿತು. ಸಂಜೆಯೊಳಗೆ ಇದು ಬೀದಿಯ ಆ ತುದಿಗೂ ಮುಟ್ಟುವುದು ಖಂಡಿತ.

ಮಾಲ್ವಿನ್ ನೇನಿ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಪಿರೊಷ್ಕಾಳ ಪಕ್ಕದಿಂದ ಹಾದುಹೋದರು. ಕೊನೆಯ ಗುಂಡಿ ಸಿಗುತ್ತಿರಲಿಲ್ಲವೇನೋ, ಕ್ಷಣ ನಿಂತರು.

"ಹೆಸರು, ಮುದ್ರೆ," ಎಂದರು, ಗುಂಡಿಗೆ ಹೇಳಿದಂತೆ.

ಕೆಲಸ ಬಿಟ್ಟವರು ಮೂರು ದಿನದೊಳಗೆ ತಮ್ಮ ದುಡಿಮೆಯ ದಾಖಲೆಯಾದ ಕೆಲಸದ ಪುಸ್ತಕ ಹಿಡಿದುಕೊಂಡು ಆ ಸರ್ಕಾರಿ ಕಚೇರಿಗೆ ಹಾಜರಾಗಬೇಕು. ಪಿರೊಷ್ಕಾ ಮೂರನೆಯ ದಿನ ಹೋದಳು. ಅದಕ್ಕೆ ಮೊದಲಿನ ಎರಡು ದಿನ ಊಟ ಇಳಿಯಲಿಲ್ಲ. "ಕೆಲಸ ಹೋಗೋ ಅಂಥದ್ದು ಏನು ಮಾಡಿದ್ಯೇ? ಬಾಯಿಗೀಯಿ ಮಾಡಿದ್ಯಾ?" ಎಂದು ಅವಳ ತಾಯಿ ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತ ಕೇಳಿ, ತಾನೇ ಉತ್ತರ ಹೇಳಿಕೊಂಡಿದ್ದಳು: "ನೀನೆಲ್ಲಿ ಬಾಯಿ ಮಾಡ್ತೀಯ. ನೀನು ಬಾಯಿ ತೆರೆದಿದ್ದನ್ನ ಹೆತ್ತ ನಾನೇ ಕಂಡಿಲ್ಲ." ಲಾಂಬೇರ್ ಏನು ಬರೆದಿರಬಹುದು? ಒಲೆ ಹಚ್ಚಲು ಬಾರದವಳು ಎಂದೇ? ಕಲ್ಲಿದ್ದಲು ಕದ್ದಳು ಎಂದೇ? ಎದ್ದು ನಿಲ್ಲುವ ಮನುಷ್ಯ ಕೊನೆಗೆ ಕೈ ಬರದೆ, ಒಂದು ಒಳ್ಳೆಯ ಮಾತು, ಒಂದೇ ಒಂದು, ಸೇರಿಸಿಬಿಟ್ಟಿದ್ದರೆ? ಬುದ್ಧಿವಂತೆ ಎಂದು? ಧೈರ್ಯವಂತೆ ಎಂದು?

ಕಚೇರಿಯ ಓಣಿಯಲ್ಲಿ ಬೆಂಚು. ಹನ್ನೊಂದರ ಸುಮಾರಿಗೆ ಒಳಗಿನ ಬಾಗಿಲು ತೆರೆದು ಮಾಲ್ವಿನ್ ನೇನಿ ಹೊರಬಂದರು. ಟೋಪಿ ನೆಟ್ಟಗಿತ್ತು. ಪಿರೊಷ್ಕಾಳ ಮೊಣಕಾಲಿಗೆ ತಾಗುವಷ್ಟು ಹತ್ತಿರದಿಂದ, ಖಾಲಿ ಬೆಂಚು ದಾಟಿದಂತೆ ದಾಟಿಹೋದರು. ಅವರ ಹೆಜ್ಜೆ ಮೆಟ್ಟಿಲಿಳಿದು ಬೀದಿಯ ಬಾಗಿಲು ಮುಚ್ಚುವವರೆಗೂ ಅವಳು ಕೇಳಿಸಿಕೊಂಡಳು. ಬಿಟ್ಟಿದ್ದರು. ಅವರನ್ನು ಬಿಟ್ಟಿದ್ದರು.

"ಚೊರ್ದಾಶ್ ಪಿರೊಷ್ಕಾ!"

ಒಳಗಿದ್ದವನಿಗೆ ನೆಗಡಿ. ಕುತ್ತಿಗೆಗೆ ಕೈಹೆಣಿಗೆಯ ಉಣ್ಣೆ ಪಟ್ಟಿ ಸುತ್ತಿಕೊಂಡಿದ್ದ. ಮೇಜಿನ ಮೇಲೆ ನಿಂಬೆ ಹೋಳು ತೇಲುತ್ತಿದ್ದ ಚಹಾ. ಮೂಲೆಯ ಒಲೆ ಹೊಗೆಯಾಡುತ್ತಿತ್ತು. ಒಲೆಗೆ ಗಾಳಿ ಬಿಡುವ ಪುಟ್ಟ ಬಾಗಿಲನ್ನು ಪೂರ್ತಿ ಮುಚ್ಚಿದ್ದಾರೆಂದು ಅವಳಿಗೆ ಕಂಡಕೂಡಲೇ ತಿಳಿಯಿತು.

"ಕೂತ್ಕೋ. ಮೂರು ವರ್ಷ ಅಲ್ಲಿದ್ದೆ. ಏನು ಮಾಡ್ತಿದ್ದೆ?"

"ಒಲೆ ಹಚ್ತಿದ್ದೆ, ಸ್ವಾಮಿ."

"ಸ್ವಾಮಿ ಅಲ್ಲ. ಈಗ ಎಲ್ಲರೂ ಸಂಗಾತಿಗಳು."

"ಹೂಂ, ಸ್ವಾಮಿ."

ಅವನು ನಕ್ಕ. ನಗು ಕೆಮ್ಮಾಯಿತು. ಮೂಗು ಒರೆಸಿಕೊಂಡು, ಒಂದು ಹಾಳೆ ತೆಗೆದು ಅವಳ ಕಡೆಗೆ ತಿರುಗಿಸಿ ಮೇಜಿನ ಮೇಲಿಟ್ಟ. "ನಿನ್ನ ಬಗ್ಗೆ ಬರೆದಿದ್ದಾರೆ. ಏನು ಬರೆದಿದ್ದಾರೆ?"

ಕಾಗದ ನೋಡುತ್ತಿರಲಿಲ್ಲ ಅವನು. ಅವಳ ಕಣ್ಣು ನೋಡುತ್ತಿದ್ದ.

ಹೆಸರು. ಮೂರನೆಯ ಸಾಲಿನಲ್ಲಿತ್ತು ಅವಳ ಹೆಸರು. ಅದರ ಸುತ್ತ ಹತ್ತು ಹನ್ನೆರಡು ಸಾಲು ಕಪ್ಪು ಇರುವೆಗಳಂತೆ ಹರಿಯುತ್ತಿದ್ದವು. ಒಂದು ಸಲ ಕಣ್ಣಾಡಿಸಿದರೆ ಸಾಕು, ತಾನು ಇಂದು ಮನೆಗೆ ಹೋಗುವೆನೋ ಇಲ್ಲವೋ ಅದರಲ್ಲೇ ಬರೆದಿದೆ. ಕಣ್ಣು ಹಗ್ಗ ಜಗ್ಗುವ ಕರುವಿನಂತೆ ಎಳೆಯುತ್ತಿತ್ತು. ಅವಳು ಅದನ್ನು ಹಿಡಿದು ಕೆಳಗೆ, ಮುದ್ರೆಗೆ ತಂದಳು. ಮುದ್ರೆಯಲ್ಲಿ ರೆಕ್ಕೆ ಬಿಚ್ಚಿದ ಹಕ್ಕಿ.

"ನನ್ನ ಹೆಸರಿದೆ," ಎಂದಳು. "ಒಂದು ಹಕ್ಕಿ ಇದೆ."

"ಮತ್ತೆ?"

"ಹಕ್ಕಿ ಕಾಲಲ್ಲಿ ಏನೋ ಹಿಡ್ಕೊಂಡಿದೆ."

ಅವನು ಲೇಖನಿ ತೆಗೆದು ಅವಳ ಕೆಲಸದ ಪುಸ್ತಕ ಎಳೆದುಕೊಂಡು ಬರೆಯತೊಡಗಿದ. ಬಹಳ ಹೊತ್ತು ಬರೆದ. ಅವಳು ಹಕ್ಕಿಯ ರೆಕ್ಕೆಯ ಗರಿ ಎಣಿಸಿದಳು. ಎಡಗಡೆ ಏಳು. ಬಲಗಡೆ ಏಳು. ತಲೆಯೆತ್ತದೆ, ಬರೆಯುವುದನ್ನು ನಿಲ್ಲಿಸದೆ, ಅವನು ಮೆತ್ತಗೆ ಹೇಳಿದ:

"ಆಯಿತು, ನೀನಿನ್ನು ಹೋಗಬಹುದು."

ಫ್ರೆಂಚ್‌ನಲ್ಲಿ ಹೇಳಿದ.

ಮೂರು ದಿನದಿಂದ ಅವಳ ಮೈಯೆಲ್ಲ ಕಾದಿದ್ದ ಮಾತು ಅದು. ತೊಡೆಗಳು ಆಗಲೇ ಬಿಗಿದು ಏಳಲು ಹೊರಟಿದ್ದವು. ಅವಳು ಎರಡು ಕೈಯನ್ನೂ ಮೊಣಕಾಲ ಮೇಲೆ ಊರಿ, ಉಗುರಿನ ಸಂದಿಯ ಕಲ್ಲಿದ್ದಲ ಕಪ್ಪನ್ನು ನೋಡುತ್ತ ಕುಳಿತಳು. ಉಸಿರನ್ನು ಒಂದೇ ಅಳತೆಯಲ್ಲಿ ಒಳಗೆಳೆದು ಹೊರಗೆ ಬಿಟ್ಟಳು. ಎಡಗಡೆ ಏಳು. ಬಲಗಡೆ ಏಳು. ಒಲೆಯೊಳಗೆ ಒಂದು ಕೊಳ್ಳಿ ಮುರಿದು ಕುಸಿಯಿತು. ಲೇಖನಿಯ ಸದ್ದು ನಿಂತಿತ್ತು. ಅವನು ನೋಡುತ್ತಿದ್ದಾನೆಂದು ನೆತ್ತಿಗೆ ತಿಳಿಯುತ್ತಿತ್ತು. ಅವಳು ಕುಳಿತೇ ಇದ್ದಳು.

ಅವನು ಸೀನಿದ. ಒಮ್ಮೆ, ಇನ್ನೊಮ್ಮೆ.

"ನಿನಗೇ ಹೇಳಿದ್ದು. ಇನ್ನೂ ಯಾಕೆ ಕೂತಿದ್ದೀಯಾ?" ಎಂದ ಹಂಗೇರಿಯನ್ನಿನಲ್ಲಿ, ಪುಸ್ತಕವನ್ನು ಅವಳ ಕಡೆ ತಳ್ಳಿ. "ಹೋಗು, ಹೋಗು."

ಕಾಗದ ಮೇಜಿನ ಮೇಲೇ ಉಳಿಯಿತು. ಬಾಗಿಲ ಬಳಿ ಅವಳು ನಿಂತಳು. ಬೇಡವೆಂದುಕೊಂಡರೂ ನಾಲಿಗೆ ಕೇಳಲಿಲ್ಲ.

"ಒಲೆಯ ಗಾಳಿ ಬಾಗಿಲು ಸ್ವಲ್ಪ ತೆರೀಬೇಕು, ಸ್ವಾಮಿ. ಹೊಗೆ ನಿಲ್ಲುತ್ತೆ."

ಎದುರು ರಸ್ತೆಯಲ್ಲಿ ಟ್ರ್ಯಾಮ್ ನಿಲ್ದಾಣ. ಮಾಲ್ವಿನ್ ನೇನಿ ಅಲ್ಲಿ ಬೆಂಚಿನ ಮೇಲೆ ಕುಳಿತಿದ್ದರು. ಈ ಹೊತ್ತಿನೊಳಗೆ ನಾಲ್ಕೈದು ಟ್ರ್ಯಾಮುಗಳಾದರೂ ಹೋಗಿರಬೇಕು. ಪಿರೊಷ್ಕಾ ಬಾಗಿಲು ದಾಟಿ ಮೆಟ್ಟಿಲಿಳಿದದ್ದನ್ನು ಕಂಡರೋ ಇಲ್ಲವೋ, ಮುಖ ತಿರುಗಿಸಲಿಲ್ಲ. ಆಗ ಬಂದ ಟ್ರ್ಯಾಮ್ ಹತ್ತಿ ಹೊರಟುಹೋದರು.

ಅವರು ಕುಳಿತಿದ್ದಲ್ಲಿ ಹಳೆಯ ಪತ್ರಿಕೆಯ ಸಣ್ಣ ಪೊಟ್ಟಣವಿತ್ತು. ಪಿರೊಷ್ಕಾ ಅದರ ಪಕ್ಕ ಕುಳಿತಳು. ಕಚೇರಿಯ ಎರಡನೆಯ ಮಹಡಿಯ ಕಿಟಕಿಗಳ ಕಡೆ ನೋಡಲಿಲ್ಲ. ತನ್ನ ಟ್ರ್ಯಾಮ್ ಬಂದಾಗ ಎದ್ದು, ಮರೆಯುತ್ತಿದ್ದ ತನ್ನದೇ ವಸ್ತುವನ್ನು ತೆಗೆದುಕೊಂಡಂತೆ ಅದನ್ನು ಕೈಗೆತ್ತಿಕೊಂಡು ಹತ್ತಿದಳು.

ಮಡಿಲಲ್ಲಿಟ್ಟು ಬಿಚ್ಚಿದಳು. ಸುಟ್ಟ ಬ್ರೆಡ್ಡಿನ ಅರ್ಧ ಹೋಳು. ಬೆಳ್ಳುಳ್ಳಿಯ ವಾಸನೆ ಟ್ರ್ಯಾಮಿನ ತುಂಬ ಹರಡಿತು. ಎದುರಿಗೆ ಕುಳಿತಿದ್ದ ಹೆಂಗಸು ಮೂಗಿಗೆ ಸೆರಗಿನಂತೆ ಕರವಸ್ತ್ರ ಹಿಡಿದು ಅತ್ತ ತಿರುಗಿದಳು. ಆ ಹೆಂಗಸಿನ ತಲೆಯ ಮೇಲಿನ ಫಲಕದಲ್ಲಿ, ಕೆಂಪು ಬಣ್ಣದಲ್ಲಿ, ದೊಡ್ಡದಾಗಿ ಏನೋ ಬರೆದಿತ್ತು. ಪಿರೊಷ್ಕಾ ಅದನ್ನು ಓದಲು ಕಣ್ಣನ್ನು ಬಿಡದೆ, ಕೈಯಲ್ಲಿದ್ದ ಬ್ರೆಡ್ಡನ್ನೇ ನೋಡುತ್ತ ತಿಂದಳು.